ಬುಟ್ಟಿಯ ಮೇಲೆ ಪೆನ್ಸಿಲ್ ಗೆರೆ: ನಮ್ಮ ದೊಡ್ಡಮ್ಮ ಚಿತ್ತಾರ ಬಿಟ್ಟ ಪ್ರಕರಣ

ಹನ್ನೊಂದನೇ ಬುಟ್ಟಿಯನ್ನು ಕೈಗೆ ತೆಗೆದುಕೊಂಡಾಗ ಕೆಮ್ಮಣ್ಣಿನ ಮೇಲೆ ಪೆನ್ಸಿಲ್ ಗೆರೆ ಕಾಣಿಸಿತು. ತೀರಾ ತೆಳು ಗೆರೆ. ಅಕ್ಕಿಹಿಟ್ಟಿನ ಬಿಳಿ ಎಳೆ ಸರಿಯಾಗಿ ಅದರ ಮೇಲೇ ಕೂತಿತ್ತು. ಎರಡು ಕಡೆ ಮಾತ್ರ ಎಳೆ ಸ್ವಲ್ಪ ಸರಿದು ಪೆನ್ಸಿಲ್ ಹೊರಗೆ ಇಣುಕುತ್ತಿತ್ತು. ದೊಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ಬುಟ್ಟಿ ಬರೆಯುತ್ತಿದ್ದಾಳೆ, ಐವತ್ತು ವರ್ಷಕ್ಕೆ ಹತ್ತಿರ ಬಂತು. ಅಷ್ಟು ವರ್ಷದಲ್ಲಿ ಅವಳು ಅಳತೆ ಹಿಡಿದಿದ್ದನ್ನು ಯಾರೂ ನೋಡಿಲ್ಲ. ಕೇಳಿದರೆ, ಮೊಮ್ಮಗನ ಕಂಪಾಸ್ ಡಬ್ಬಿಯಿಂದ ಪ್ಲಾಸ್ಟಿಕ್ ಸ್ಕೇಲ್ ತಗೊಂಡು ಬುಟ್ಟಿಯ ಸುತ್ತ ಬಗ್ಗಿಸಿ ಹಿಡಿದು ಗೆರೆ ಹಾಕಿದೆ ಎಂದಳು. ಇದನ್ನೂ ಸಪ್ಪೆ ದನಿಯಲ್ಲಿ ಹೇಳಿದಳು. ಅದಾದ ಮೇಲೆ ಹನ್ನೆರಡನೇ ಬುಟ್ಟಿ ಆಗಲೇ ಇಲ್ಲ.

ಇದು ನಮ್ಮ ಮನೆಯದೇ ಪ್ರಕರಣ, ತಪ್ಪು ಮಾಡಿದವಳು ನಾನು. ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಶಿರಸಿ, ಸಿದ್ದಾಪುರ ಕಡೆ ಈಗ ಮನೆಗೊಬ್ಬರು ಅಮ್ಮನ ಉಪ್ಪಿನಕಾಯಿ, ಅತ್ತೆಯ ಹೊಲಿಗೆ, ಅಜ್ಜಿಯ ಚಿತ್ತಾರ ಅಂತ ಮಾರಾಟಕ್ಕೆ ಇಳಿದಿದ್ದೇವೆ. ಪ್ರೀತಿಯಿಂದಲೇ ಇಳಿದಿದ್ದೇವೆ. ನಾನೂ ಹಾಗೇ ಇಳಿದೆ.

ಬುಟ್ಟಿ ಯಾವುದು

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಾವು ದೀವರು, ಮಲೆನಾಡಿನ ಬೇಸಾಯದ ಸಮುದಾಯ. ಆಶ್ವಯುಜ ಮಾಸದ ಹುಣ್ಣಿಮೆಗೆ ನಮ್ಮಲ್ಲಿ ಭೂಮಿ ಹುಣ್ಣಿಮೆ ಮಾಡುತ್ತೇವೆ. ಆಗ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಬಡಿಸಬೇಕಲ್ವಾ, ಅದಕ್ಕೇ ಹಬ್ಬ. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ನಾನಾ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಕೂಗುತ್ತಾ ಬೀರುತ್ತಾರೆ.

ಆ ಊಟ ಹೊತ್ತು ಹೋಗುವುದೇ ಈ ಬುಟ್ಟಿಯಲ್ಲಿ. ದೊಡ್ಡದೊಂದು, ಚಿಕ್ಕದೊಂದು. ವಿಜಯದಶಮಿಗೆ ಕೆಲಸ ಶುರು, ಹುಣ್ಣಿಮೆಗೆ ಮುಗಿಯಬೇಕು, ಮಧ್ಯೆ ಸಿಗುವುದು ಬರೀ ಐದು ದಿನ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿಯಬೇಕು. ನೆನೆಸಿದ ಅಕ್ಕಿ ನುಣ್ಣಗೆ ಅರೆದು ಬಿಳಿ ಬಣ್ಣ ಮಾಡಿಕೊಳ್ಳಬೇಕು. ಪುಂಡಿ ನಾರನ್ನು ಜಜ್ಜಿ ತುದಿ ಬಿಡಿಸಿದರೆ ಅದೇ ಕುಂಚ. ಆಮೇಲೆ ಎಳೆ ಎಳೆಯಾಗಿ ಬರೆಯುತ್ತಾ ಹೋಗುವುದು. ಭತ್ತದ ಸಸಿ, ಗಾಡಿ, ಗೊಂಬೆ ಸಾಲು, ಜಡೆ ಹೆಣೆದ ಹಾಗಿನ ಜೋಗಿಜಡೆ. ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರೂ ಇದೇ ಹೆಂಗಸರೇ. ಅಲ್ಲಿ ಸುಟ್ಟ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿ ಕೂಡ ಬರುತ್ತದೆ.

ಕಾನಸೂರು ದಾಟಿ ಒಳಗೆ ಹೋದರೆ ದೊಡ್ಡಮ್ಮನ ಊರು. ನಾನು ಶಿರಸಿಯಲ್ಲಿ ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಹಬ್ಬಕ್ಕೆ ಹೋದಾಗ ಅವಳ ದೊಡ್ಡ ಬುಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಆ ಬುಟ್ಟಿ ಅಷ್ಟು ಚಂದ ಇತ್ತು. ಒಂದು ಕಡೆ ಗಾಡಿ ಬರೆದಿದ್ದಳು, ಎತ್ತುಗಳಲ್ಲಿ ಒಂದು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಯಾಕೆ ಹಿಂದೆ ನೋಡ್ತಿದೆ ಅಂದರೆ, "ಕರು ಬಿಟ್ಟು ಬಂದಿದೆ ಮಾರಾಯ್ತಿ" ಅಂದಳು. ಎತ್ತಿಗೆಲ್ಲಿಯ ಕರು ಅಂತ ಅತ್ತಿಗೆ ನಕ್ಕಳು. ದೊಡ್ಡಮ್ಮನೂ ನಕ್ಕಳು, ಆದರೆ ಅಳಿಸಲಿಲ್ಲ.

ಆರ್ಡರ್ ಬಂತು

ಫೋಟೋ ಯಾರಿಂದ ಯಾರಿಗೋ ಹೋಗಿ ಗೋಕರ್ಣದ ಕಡೆಯ ಒಂದು ರೆಸಾರ್ಟ್‌ನವರಿಗೆ ಮುಟ್ಟಿತು. ಡಿಸೆಂಬರ್‌ನಲ್ಲಿ ಫೋನ್ ಬಂತು. ರೂಮಿಗೊಂದರಂತೆ ನಲವತ್ತು ಬುಟ್ಟಿ ಬೇಕು, ಬುಟ್ಟಿಗೆ 600 ರೂಪಾಯಿ, ಮೇ ಕೊನೆಗೆ ಮುಗಿಸಿಕೊಡಿ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಎಲ್ಲ ರೂಮಿಗೂ ಒಂದೇ ಥರ ಇರಲಿ, ಫೋಟೋದಲ್ಲಿ ಇದ್ದ ಹಾಗೇ ಇರಲಿ ಎಂದರು. ಹಿಂದೆ ತಿರುಗಿದ ಎತ್ತನ್ನು ಮಾತ್ರ ನೇರ ಮಾಡಿ, ನೋಡಿದವರಿಗೆ ತಪ್ಪಾಗಿದೆ ಅನ್ನಿಸುತ್ತದೆ ಎಂದರು. ಅದಕ್ಕೆ ಹೂಂ ಅಂದವಳು ನಾನು. ದೊಡ್ಡಮ್ಮನನ್ನು ಒಂದು ಮಾತು ಕೇಳಲಿಲ್ಲ.

ನಾನು ಮಾಡಿದ ಏರ್ಪಾಡು ಹೀಗಿತ್ತು. ಬಿದಿರು ಬುಟ್ಟಿ ತರುವುದು, ಬಸ್ಸಿಗೆ ಹಾಕಿ ದೇವಿಮನೆ ಘಟ್ಟ ಇಳಿಸಿ ಮುಟ್ಟಿಸುವುದು ನನ್ನ ಕೆಲಸ. ದೊಡ್ಡಮ್ಮನಿಗೆ ಬುಟ್ಟಿಗೆ 350 ರೂಪಾಯಿ. ಆಚೆಮನೆ ಅಕ್ಕ ಮೊದಲಿಂದಲೂ ಅಕ್ಕಿ ಅರೆದುಕೊಡಲು, ಕೆಮ್ಮಣ್ಣು ಬಳಿಯಲು ಬರುತ್ತಿದ್ದಳು. ಅವಳಿಗೆ ಬಿಟ್ಟಿ ಕೆಲಸ ಮಾಡಿಸಬಾರದು ಅಂತ ಬುಟ್ಟಿಗೆ 30 ರೂಪಾಯಿ ಇಟ್ಟೆ. ಫೋಟೋವನ್ನು ಶಿರಸಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಜಗಲಿಯ ಗೋಡೆಗೆ ಅಂಟಿಸಿ ಬಂದೆ, ನೋಡಿಕೊಂಡು ಬರೆಯಲು ಸುಲಭ ಆಗಲಿ ಅಂತ.

ಮೊದಲ ಮೂರು ಬುಟ್ಟಿ ಬೇಗ ಆದವು. ದುಡ್ಡು ಕೊಟ್ಟಾಗ ದೊಡ್ಡಮ್ಮನಿಗೆ ನಿಜಕ್ಕೂ ಖುಷಿಯಾಗಿತ್ತು, ಮೊಮ್ಮಗನಿಗೆ ಮಳೆಗಾಲಕ್ಕೆ ಒಳ್ಳೆ ರೈನ್‌ಕೋಟ್ ಕೊಡಿಸಬೇಕು ಎಂದಳು. ಆಮೇಲೆ ನಿಧಾನವಾಯಿತು. ಫೆಬ್ರವರಿಯಲ್ಲಿ ಎರಡು, ಮಾರ್ಚ್‌ನಲ್ಲಿ ಎರಡು. ಹೋದಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಎಷ್ಟಾಯ್ತು? ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ಮೊದಲೆಲ್ಲ ಹೋದ ಕೂಡಲೇ ಬುಟ್ಟಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ, ಇದೇನು ಅದೇನು ಅಂತ ಕೇಳುತ್ತಿದ್ದೆ. ಆ ನಾಲ್ಕು ತಿಂಗಳು ಬರೀ ಎಣಿಸಿದೆ.

ದುಡ್ಡು ಕಡಿಮೆ ಆಯಿತೇನೋ ಎಂದು ಏಳನೇ ಬುಟ್ಟಿ ಆದ ಮೇಲೆ 500 ಮಾಡಿದೆ. ಏನೂ ಉಪಯೋಗ ಆಗಲಿಲ್ಲ. ಕಣ್ಣು ಮಂಜಾಗಿರಬಹುದು ಎಂದು ಶಿರಸಿಗೆ ಕರೆತಂದು ಕಣ್ಣು ತೋರಿಸಿ ಹೊಸ ಕನ್ನಡಕ ಮಾಡಿಸಿದೆ. ಕನ್ನಡಕ ಒಳ್ಳೆಯದೇ ಆಯಿತು, ಈಗ ಸೂಜಿಗೆ ದಾರ ಅವಳೇ ಪೋಣಿಸುತ್ತಾಳೆ, ಬುಟ್ಟಿ ಮಾತ್ರ ಮುಂದೆ ಹೋಗಲಿಲ್ಲ. ಮೇ ಕೊನೆಗೆ ಹನ್ನೊಂದು ಆದವು. ಏಳಕ್ಕೆ 350, ನಾಲ್ಕಕ್ಕೆ 500, ಒಟ್ಟು 4,450 ರೂಪಾಯಿ ದೊಡ್ಡಮ್ಮನ ಕೈಗೆ ಬಂದಿತ್ತು. ಮಳೆ ಹಿಡಿದರೆ ಕೆಮ್ಮಣ್ಣು ಒಣಗುವುದಿಲ್ಲ ಎಂಬ ನೆವ ಹೇಳಿ ರೆಸಾರ್ಟ್‌ನವರಿಗೆ ಹನ್ನೊಂದನ್ನೇ ಕೊಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ಲೆಕ್ಕ ಮುಗಿಸಿದರು.

ಇಷ್ಟಕ್ಕೇ ನಿಂತಿದ್ದರೆ ಒಂದು ಆರ್ಡರ್ ಕೈತಪ್ಪಿತು ಅಂತ ಸುಮ್ಮನಾಗಬಹುದಿತ್ತು.

ಅಕ್ಟೋಬರ್‌ನಲ್ಲಿ ಭೂಮಿ ಹುಣ್ಣಿಮೆ ಬಂತು. ಹಬ್ಬದ ಸಂಜೆ ಹೋದೆ. ಮನೆಯ ಬುಟ್ಟಿಗೆ ಕೆಮ್ಮಣ್ಣು ಬಳಿದಿತ್ತು, ಚಿತ್ತಾರ ಇರಲಿಲ್ಲ. ಅತ್ತಿಗೆ ಕೊನೆ ಗಳಿಗೆಯಲ್ಲಿ ನಾಲ್ಕು ಗೆರೆ, ಒಂದಿಷ್ಟು ಚುಕ್ಕಿ ಇಟ್ಟಿದ್ದಳು. ದೊಡ್ಡಮ್ಮ ಒಳಗೆ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. "ಈ ವರ್ಷ ಕೈ ಬರಲಿಲ್ಲ ಮಗಾ" ಅಂದಳು, ಅಷ್ಟೇ. ಬೆಳಗಿನ ಜಾವ ದೊಡ್ಡಪ್ಪ ಆ ಬುಟ್ಟಿ ಹೊತ್ತು ನಡೆದಾಗ ಹಿಂದೆ ಬ್ಯಾಟರಿ ಹಿಡಿದು ಹೋಗುತ್ತಿದ್ದ ನನಗೆ ಕಾಣಿಸಿದ್ದು ಬರೀ ಕೆಂಪು. ಐವತ್ತು ವರ್ಷ ಯಾರೂ ಹೇಳದೆ, ಯಾರೂ ಕಾಸು ಕೊಡದೆ ನಡೆದುಕೊಂಡು ಬಂದದ್ದು, ನಾನು ಕೈಯಿಟ್ಟ ಒಂದೇ ವರ್ಷಕ್ಕೆ ನಿಂತಿತ್ತು.

ನಾನು ತಿಳಿದದ್ದು, ಅವಳು ಹೇಳಿದ್ದು

ಬಿ.ಎಡ್. ಓದುವಾಗ ಒಂದು ಪ್ರಯೋಗದ ಬಗ್ಗೆ ಪರೀಕ್ಷೆಗೆ ಬರೆದಿದ್ದೆ. ಬರೆದು ಮರೆತಿದ್ದೆ. ಹಬ್ಬ ಮುಗಿಸಿ ಬಸ್ಸಲ್ಲಿ ವಾಪಸ್ ಬರುವಾಗ ಅದು ನೆನಪಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮಾಡಿ 1973ರಲ್ಲಿ ಪ್ರಕಟಿಸಿದ್ದು. ಮೂರರಿಂದ ಐದು ವರ್ಷದ 51 ಮಕ್ಕಳು, ಎಲ್ಲರೂ ಮೊದಲೇ ಚಿತ್ರ ಬರೆಯಲು ಇಷ್ಟಪಡುವವರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಬರೆದು ಮುಗಿದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೇ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ನೆ ಇಟ್ಟು ದೂರದಿಂದ ನೋಡಿದರು. ಬಹುಮಾನದ ಮಾತು ಕೊಟ್ಟಿದ್ದ ಗುಂಪು ಆ ಹೊತ್ತಿನಲ್ಲಿ ಶೇ. 8.6ರಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟಿತು. ಏನೂ ಸಿಗದ ಗುಂಪು ಶೇ. 16.7, ಹೇಳದೇ ಕೊಟ್ಟ ಗುಂಪು ಶೇ. 18.1. ಹೆಚ್ಚು ಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ.

ಸಿಕ್ಕಿಬಿಟ್ಟಿತು ಉತ್ತರ ಅಂದುಕೊಂಡೆ. ದುಡ್ಡು ಬಂದದ್ದಕ್ಕೇ ಹೀಗಾಯಿತು, ಕಲೆಗೆ ಕಾಸು ಮುಟ್ಟಿಸಬಾರದಿತ್ತು. ಮುಂದಿನ ಭಾನುವಾರ ಹೋಗಿ ದೊಡ್ಡಮ್ಮನ ಹತ್ತಿರ ಅದನ್ನೇ ಹೇಳಿದೆ, ಇನ್ನು ಮೇಲೆ ದುಡ್ಡಿನ ಗೊಡವೆ ಬೇಡ ದೊಡ್ಡಮ್ಮ, ನೀನು ನಿನ್ನ ಖುಷಿಗೆ ಬರಿ ಅಂತ.

ಅವಳಿಗೆ ಸಿಟ್ಟು ಬಂತು. "ದುಡ್ಡು ಏನ್ ಮಾಡ್ತು ನಿಂಗೆ? ದುಡ್ಡು ಬೇಡ ಅಂದೋರ್ಯಾರು?"

ಅದು ನನಗೆ ಬೇಕಾಗಿದ್ದ ಏಟು. ದೊಡ್ಡಮ್ಮ ಪ್ರತಿ ವರ್ಷ ಚಳಿಗಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಸಂಜೆ ಮೆಟ್ಟುಗತ್ತಿ ಮುಂದೆ ಕೂತರೆ ಡಬ್ಬಿ ಲೆಕ್ಕದಲ್ಲಿ ಕೂಲಿ. ಅಲ್ಲಿ ಬೆರಳು ಕಪ್ಪಾಗುವಷ್ಟು ಸುಲಿಯುತ್ತಾಳೆ, ಕೂಲಿ ಸಿಗುತ್ತೆ ಅಂತ ಕೈ ಎಂದೂ ಹಿಂದೆ ಸರಿದಿಲ್ಲ. ಕಲೆಗೆ ದುಡ್ಡು ಮುಟ್ಟಿಸಬಾರದು ಎನ್ನುವುದು ತಿಂಗಳ ಸಂಬಳ ಬರುವ ನನ್ನಂಥವರ ಮಾತು. ಸ್ಟ್ಯಾನ್‌ಫರ್ಡ್‌ನ ಮಕ್ಕಳಿಗೆ ರೈನ್‌ಕೋಟ್ ತರಬೇಕಾದ ಮೊಮ್ಮಗ ಇರಲಿಲ್ಲ. ಮತ್ತೆ, ಪರೀಕ್ಷೆಗೆ ಬರೆಯುವಾಗ ನಾನು ಗಮನಿಸದೇ ಬಿಟ್ಟಿದ್ದೂ ಒಂದಿತ್ತು. ಅದೇ ಸರ್ಟಿಫಿಕೇಟ್ ಎರಡನೇ ಗುಂಪಿಗೂ ಸಿಕ್ಕಿತ್ತಲ್ಲ, ಆ ಮಕ್ಕಳಿಗೆ ಏನೂ ಆಗಲಿಲ್ಲ. ಬರೆಯುವಾಗ ಮನಸ್ಸು ಎಲ್ಲಿತ್ತು ಅನ್ನುವುದೇ ಎಲ್ಲ.

ಹಾಗಾದರೆ ಏನಾಯಿತು ದೊಡ್ಡಮ್ಮ ಎಂದು ಕೇಳಿದೆ. ಒಂದು ವರ್ಷದಲ್ಲಿ ಅದೇ ಮೊದಲ ಸಲ ನಾನು ಎಷ್ಟಾಯ್ತು ಅನ್ನದೆ ಏನಾಯ್ತು ಅಂದದ್ದು. ಅವಳು ಗೋಡೆ ಕಡೆ ಕೈ ತೋರಿಸಿದಳು. ಪ್ರಿಂಟ್ ಅಲ್ಲೇ ಇತ್ತು. ಮಳೆಗಾಲದ ತಂಡಿಗೆ ಅಂಚು ಸುರುಳಿ ಬಂದಿತ್ತು, ಮಧ್ಯೆ ಬಿಳಿ ಬೂಷ್ಟು.

"ಅದು ನಾನೇ ಬರ್ದಿದ್ದು. ಅದ್ನ ನೋಡ್ಕಂಡು ನಾನೇ ಬರೀಬೇಕು ಅಂದ್ರೆ? ನನ್ ಕೈನ ನಾನೇ ಕಾಪಿ ಹೊಡಿಯಾದಾ? ಒಂದ್ ಎಳೆ ಸರಿದ್ರೆ ತಪ್ಪಾತು ಅಂತ ಹೆದ್ರಿಕೆ. ಮೊದ್ಲು ಎಳೆ ಸರಿದ್ರೆ ಅಲ್ಲೊಂದು ಸಸಿ ಬರೀತಿದ್ದೆ."

ಕೊನೆಯ ವಾಕ್ಯವನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ. ಅವಳ ಕೆಲಸ ನಡೆಯುವ ರೀತಿಯೇ ಅದು. ಕೈ ತಪ್ಪುತ್ತದೆ, ತಪ್ಪಿದ ಜಾಗ ಏನನ್ನೋ ಕೇಳುತ್ತದೆ, ಅಲ್ಲಿ ಹೊಸದೊಂದು ಹುಟ್ಟುತ್ತದೆ. ಹಿಂದೆ ತಿರುಗಿದ ಎತ್ತು ಕೂಡ ಹಾಗೇ ಹುಟ್ಟಿದ್ದಂತೆ, ಕೊಂಬು ಬರೆಯುವಾಗ ಕೈ ಆಚೆ ಹೋಗಿತ್ತಂತೆ. ನಾನು ಫೋಟೋ ಅಂಟಿಸಿ ಆ ಬಾಗಿಲನ್ನೇ ಮುಚ್ಚಿದ್ದೆ. ಸ್ಕೇಲ್ ಬಂದದ್ದು ಅದಕ್ಕೇ. ಹೊಸದು ಹುಟ್ಟಲು ಜಾಗ ಇಲ್ಲದಿದ್ದರೆ ಉಳಿಯುವುದು ತಪ್ಪಿನ ಭಯ ಒಂದೇ.

ಆಮೇಲೆ ಸ್ವಲ್ಪ ಜಾಸ್ತಿ ಓದಿದೆ. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬಿಬ್ಬರು ಇದರ ಮೇಲೇ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ರಿಚರ್ಡ್ ಕೋಸ್ಟ್ನರ್ ಜೊತೆ ಸೇರಿ 1999ರಲ್ಲಿ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಇಷ್ಟಪಟ್ಟು ಮಾಡುವ ಕೆಲಸಕ್ಕೆ, ಇಂತಿಷ್ಟು ಮಾಡಿದರೆ ಇಂತಿಷ್ಟು ಅಂತ ಕಟ್ಟಿದ ಬಹುಮಾನ ಒಳಗಿನ ಆಸೆಯನ್ನು ಕುಗ್ಗಿಸುತ್ತದೆ, ಬೇಜಾರಿನ ಕೆಲಸಕ್ಕೆ ಹಾಗಾಗುವುದಿಲ್ಲ, ಮನಸ್ಸಿಟ್ಟು ಹೇಳಿದ ಒಳ್ಳೇ ಮಾತು ಆಸೆಯನ್ನು ಹೆಚ್ಚಿಸುತ್ತದೆ ಎಂದು ಕಂಡುಕೊಂಡರು. ಅಡಿಕೆ ಡಬ್ಬಿಗೂ ಬುಟ್ಟಿಗೂ ಇರುವ ವ್ಯತ್ಯಾಸ ಇದೇ ಅಲ್ವಾ. ಮನುಷ್ಯನಿಗೆ ಮೂರು ಬೇಕು ಅನ್ನುತ್ತಾರೆ ಅವರು: ನನ್ನಿಷ್ಟಕ್ಕೆ ಮಾಡುತ್ತಿದ್ದೇನೆ ಅನ್ನುವುದು, ಇದು ನನ್ನ ಕೈಲಾಗುತ್ತದೆ ಅನ್ನುವುದು, ನನ್ನವರ ಜೊತೆ ಇದ್ದೇನೆ ಅನ್ನುವುದು. ಒಂದು ಪ್ರಿಂಟ್, ಒಂದು ಎಣಿಕೆ, ಒಂದು 30 ರೂಪಾಯಿ. ನಾನು ಮೂರಕ್ಕೂ ಒಂದೊಂದು ಏಟು ಕೊಟ್ಟಿದ್ದೆ.

ಮೂವತ್ತು ರೂಪಾಯಿ

ಆಚೆಮನೆ ಅಕ್ಕನ ವಿಷಯ ಇನ್ನೂ ಕಷ್ಟದ್ದು.

ಅವಳು ಬರುತ್ತಿದ್ದದ್ದು ಕೆಲಸಕ್ಕಲ್ಲ. ಮಧ್ಯಾಹ್ನದ ಊಟ ಮುಗಿಸಿ, ಎಲೆಅಡಿಕೆಯ ಕವಳ ಹಾಕಿಕೊಂಡು, ಮಾತಾಡಲು ಬರುತ್ತಿದ್ದಳು. ಬಂದವಳು ಕೈ ಸುಮ್ನೆ ಯಾಕಿರಬೇಕು ಅಂತ ಅಕ್ಕಿ ಅರೆದುಕೊಡುತ್ತಿದ್ದಳು. ಜೋಗಿಜಡೆ ಎಲ್ಲಿ ತಿರುಗಬೇಕು ಅಂತ ಇಬ್ಬರೂ ಜಗಳ ಆಡುತ್ತಿದ್ದರು. ದೊಡ್ಡಮ್ಮನ ಮಗಳ ಬಾಣಂತನಕ್ಕೆ ಹದಿನೈದು ದಿನ ಮನೆ ನೋಡಿಕೊಂಡದ್ದು ಅವಳೇ. ಅದಕ್ಕೆಲ್ಲ ಲೆಕ್ಕ ಇರಲಿಲ್ಲ, ಇವತ್ತು ನಾನು ನಾಳೆ ನೀನು.

ನಾನು 30 ರೂಪಾಯಿ ಇಟ್ಟ ಮೇಲೆ ಅದು ಕೆಲಸವಾಯಿತು. ಮೊದಲ ಸಲ ತಗೊಳ್ಳಲು ನಾಚಿದಳು. ಆಮೇಲೆ, ಇವತ್ತು ಬುಟ್ಟಿ ಇದೆಯಾ ಅಂತ ಬೇಲಿಯಿಂದಲೇ ಕೇಳತೊಡಗಿದಳು. ಇಲ್ಲ ಅಂದರೆ ಬರುತ್ತಿರಲಿಲ್ಲ. ಅವಳದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬುಟ್ಟಿ ಇಲ್ಲದ ದಿನ ಬಂದು ಕೂತರೆ ದುಡ್ಡಿಗೆ ಕಾಯುತ್ತಿದ್ದಾಳೆ ಅಂದುಕೊಂಡಾರು ಎಂಬ ಸಂಕೋಚ ಅವಳಿಗೆ. ಇನ್ನೊಂದು ಕಡೆ ದೊಡ್ಡಮ್ಮನಿಗೆ, ತನಗೆ 500 ಆಗಿ ಅವಳದ್ದು 30ರಲ್ಲೇ ನಿಂತಿತಲ್ಲ ಎಂಬ ಮುಜುಗರ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ದೂರ ಸರಿದರು. ಬೇಸಿಗೆಯಲ್ಲಿ ದೊಡ್ಡಮ್ಮ ಜಗಲಿಯಲ್ಲಿ ಒಬ್ಬಳೇ ಕೂತು ಬರೆಯುತ್ತಿದ್ದಳು. ಜಗಳ ಆಡಲು ಯಾರೂ ಇಲ್ಲದೆ ಜೋಗಿಜಡೆ ಬರೆಯುವುದು ಎಷ್ಟು ಬೇಜಾರು ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಇದರ ಬಗ್ಗೆಯೂ ಒಂದು ಅಧ್ಯಯನ ಇದೆ. ಇಸ್ರೇಲ್‌ನ ಹೈಫಾ ಊರಿನ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ಉರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಎಂಬಿಬ್ಬರು ಮಾಡಿ 2000ದಲ್ಲಿ ಪ್ರಕಟಿಸಿದ್ದು. ಮಕ್ಕಳನ್ನು ಕರೆದೊಯ್ಯಲು ತಂದೆತಾಯಿ ತಡವಾಗಿ ಬರುತ್ತಾರೆ ಅಂತ ಆರು ಕೇಂದ್ರಗಳಲ್ಲಿ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆ ಆಗುವ ಬದಲು ಸುಮಾರು ಎರಡು ಪಟ್ಟಾದರು. ಅಲ್ಲಿತನಕ ಪಾಪ ಟೀಚರ್ ಕಾಯುತ್ತಿರುತ್ತಾರೆ ಎಂಬ ಸಂಕೋಚ ಇತ್ತು, ಈಗ ದಂಡ ಕಟ್ಟಿದರಾಯಿತು. ನನ್ನ ಎದೆಗೆ ತಾಗಿದ್ದು ಮುಂದಿನ ಸಂಗತಿ. ಕೆಲವು ವಾರ ಬಿಟ್ಟು ದಂಡ ತೆಗೆದುಹಾಕಿದರೂ ಜನ ಮೊದಲಿನ ಹಾಗೆ ಆಗಲಿಲ್ಲ. ನಂಟಿನ ಮೇಲೆ ಒಂದು ಸಲ ಬೆಲೆಚೀಟಿ ಅಂಟಿಸಿದರೆ, ಚೀಟಿ ಕಿತ್ತರೂ ಅಂಟು ಹಾಗೇ ಉಳಿಯುತ್ತದೆ.

ಮುಂದೆ ಮಾಡಿದ್ದು

ಮೊದಲು ಗೋಡೆಯ ಪ್ರಿಂಟ್ ಕಿತ್ತೆವು. ಅದರ ಹಿಂದಿನ ಗೋಡೆ ಬೇರೆಯೇ ಬಣ್ಣ ಆಗಿತ್ತು, ಅತ್ತಿಗೆ ಕೆಮ್ಮಣ್ಣು ಬಳಿದಳು. ಆರು ತಿಂಗಳು ಬುಟ್ಟಿಯ ಮಾತು ನಾನಾಗಿ ಎತ್ತಲಿಲ್ಲ. ಹೋದಾಗ ಹಲಸಿನಕಾಯಿ ಹಪ್ಪಳದ ಬಗ್ಗೆ ಮಾತಾಡಿ, ಊಟ ಮಾಡಿ ಬರುತ್ತಿದ್ದೆ. ಏಪ್ರಿಲ್‌ನಲ್ಲಿ ಊರಲ್ಲೊಂದು ಮದುವೆ. ಹಸೆ ಗೋಡೆಗೆ ಪ್ರಿಂಟ್ ಹಾಕಿಸಿದ ಫ್ಲೆಕ್ಸ್ ತರುತ್ತಾರಂತೆ ಎಂದು ಯಾರೋ ಹೇಳಿದ್ದೇ ತಡ, ದೊಡ್ಡಮ್ಮ ಎದ್ದು ಹೋಗಿ ಎರಡು ದಿನ ಕೂತು ಹಸೆ ಬರೆದುಕೊಟ್ಟಳು. ಯಾರೂ ಕರೆದಿರಲಿಲ್ಲ. ಮದುವೆ ಮನೆಯವರು ಕೊನೆಗೆ ಸೀರೆ ಉಡುಗೊರೆ ಕೊಟ್ಟರು. ಅದನ್ನು ಬಿಚ್ಚಿ ನನಗೆ ತೋರಿಸುವಾಗ ಅವಳ ಮುಖ ನೋಡಬೇಕಿತ್ತು. ಮೊದಲೇ ಹೇಳದೆ ಕೊಟ್ಟ ಸರ್ಟಿಫಿಕೇಟ್ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಈಗಿನ ಏರ್ಪಾಡು ಅವಳೇ ಹೇಳಿದ್ದು. ಬೇಕೆನಿಸಿದಾಗ ಬರೆಯುತ್ತಾಳೆ. ಬರೆದು ಮುಗಿದ ಮೇಲೆ ಸಾಲಾಗಿ ಇಟ್ಟು "ಇದು ಹೋಗ್ಲಿ, ಇದು ಇರ್ಲಿ" ಎಂದು ಬೇರೆ ಮಾಡುತ್ತಾಳೆ. ಹೋಗಲಿ ಅಂದದ್ದನ್ನು ಮಾತ್ರ ನಾನು ತರುತ್ತೇನೆ, ಬೆಲೆ ಅವಳೇ ಹೇಳುತ್ತಾಳೆ. ಒಂದಕ್ಕೆ 400, ಒಂದಕ್ಕೆ 900. ಯಾಕೆ ಅಂತ ಕೇಳಿದರೆ ಕಾರಣ ಇರುತ್ತದೆ. ಕೊಳ್ಳುವವರಿಗೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಏಪ್ರಿಲ್‌ನಿಂದ ಈಚೆಗೆ ಒಂಬತ್ತು ಬುಟ್ಟಿ ಹೋಗಿವೆ. ಆರ್ಡರ್ ಇದ್ದಾಗ ಹೆಚ್ಚು ಕಡಿಮೆ ಅಷ್ಟೇ ತಿಂಗಳಲ್ಲಿ ಹನ್ನೊಂದು ಆಗಿದ್ದವು, ಅಂದರೆ ಎಣಿಕೆ ಲೆಕ್ಕದಲ್ಲಿ ಇದು ಕಡಿಮೆಯೇ. ರೆಸಾರ್ಟ್‌ನ ಥರದ ದೊಡ್ಡ ಆರ್ಡರ್ ಈ ರೀತಿಯಲ್ಲಿ ಆಗುವುದೇ ಇಲ್ಲ, ಇದರಿಂದಲೇ ಮನೆ ನಡೆಯಬೇಕು ಅನ್ನುವವರಿಗೆ ಇದು ಸಾಕಾಗುವುದೂ ಇಲ್ಲ. ಅವರಿಗೆ ಅಂಗಡಿಯ ಬುಟ್ಟಿ ಬೇರೆ, ಮನೆಯ ಬುಟ್ಟಿ ಬೇರೆ ಅಂತ ಮೊದಲ ದಿನದಿಂದಲೇ ಗೆರೆ ಹಾಕಿಕೊಳ್ಳಿ ಎಂದು ಹೇಳುತ್ತೇನೆ. ಅಡಿಕೆ ಸುಲಿಯುವಷ್ಟು ಸ್ಪಷ್ಟವಾಗಿ ಇದು ಕೂಲಿ ಅಂತ ಗೊತ್ತಿದ್ದರೆ ಕೈಗೆ ಗೊಂದಲ ಇರುವುದಿಲ್ಲ.

ಶಾಲೆಯಲ್ಲೂ ಒಂದು ಬದಲಾವಣೆ ಮಾಡಿದೆ. ಚಿತ್ರಕ್ಕೆ ಸ್ಟಾರ್ ಕೊಡುವುದು ಬಿಟ್ಟು, ಇದು ಯಾಕೆ ಹೀಗಿದೆ ಅಂತ ಕೇಳುತ್ತೇನೆ. ಮಕ್ಕಳು ಹೇಳುತ್ತಾರೆ, ತುಂಬ ಹೇಳುತ್ತಾರೆ.

ಈ ವರ್ಷದ ಭೂಮಿ ಹುಣ್ಣಿಮೆಗೆ ವಿಜಯದಶಮಿಯ ಮರುದಿನವೇ ಹೋಗಿ ಉಳಿದೆ. ದೊಡ್ಡಮ್ಮ ಜಗಲಿಯಲ್ಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬರೆಯುತ್ತಿದ್ದಳು. ಎಡಗೈ ಬುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತದೆ, ಬಲಗೈ ಹೆಚ್ಚು ಕಡಿಮೆ ನಿಂತೇ ಇರುತ್ತದೆ, ಎಳೆ ತಾನಾಗಿ ಸುತ್ತಿಕೊಂಡು ಬರುತ್ತದೆ. ಒಂದು ಕಡೆ ನಾರಿನ ತುದಿಯಿಂದ ಬಿಳಿ ಹನಿ ಬಿತ್ತು. ಅವಳು ಒಂದು ಕ್ಷಣ ನೋಡಿ, ಹನಿಗೆ ಎರಡು ರೆಕ್ಕೆ ಬರೆದಳು.

ಆಚೆಮನೆ ಅಕ್ಕ ಮೂರನೇ ದಿನ ಬಂದಳು. ಬೇಲಿ ದಾಟಿ, ಮೆಟ್ಟಿಲ ಹತ್ತಿರ ನಿಂತಳು. ಕೈಯಲ್ಲಿ ಅವರ ಮನೆಯ ಬುಟ್ಟಿ ಇತ್ತು, ಕೆಮ್ಮಣ್ಣು ಬಳಿದದ್ದು, ಇನ್ನೂ ಪೂರ್ತಿ ಒಣಗಿರಲಿಲ್ಲ. "ನಂಗೆ ಜೋಗಿಜಡೆ ತಿರುವು ಮರ್ತೇ ಹೋಗದೆ, ನೀನೇ ಒಂದ್ ಎಳೆ ಹಾಕ್ಕೊಡು" ಅಂದಳು. ದೊಡ್ಡಮ್ಮ ತಲೆ ಎತ್ತಲಿಲ್ಲ. ಬಟ್ಟಲನ್ನು ಇಬ್ಬರ ಮಧ್ಯೆ ಸರಿಸಿ, ಇನ್ನೊಂದು ಪುಂಡಿ ನಾರು ತೆಗೆದು ಹಲ್ಲಲ್ಲಿ ಕಚ್ಚಿ ತುದಿ ಬಿಡಿಸಿ ಅವಳ ಕೈಗೆ ಕೊಟ್ಟಳು. "ನೀನೇ ಹಾಕು. ತಪ್ಪಿದ್ರೆ ಹೇಳ್ತೆ."